ನಂಬರ್ ಪ್ಲೇಟ್ ಇಲ್ಲದ ಗಾಡಿ, ಉತಾರದ ಮ್ಯಾಲೆ ಬರೋ ಭಾರ



ಈ ಸಲ ಗೋವಿನಜೋಳದ ಹುಳದ ಬಗ್ಗೆ ಅಲ್ಲ, ಹತ್ತಿ ರೇಟಿನ ಬಗ್ಗೆನೂ ಅಲ್ಲ. ಹೊಲಕ್ಕ ಹೋಗೋ ದಾರಿ ಮ್ಯಾಲೆ ಸಪ್ಪಳಿಲ್ಲದ ಓಡಾಡಾಕ ಹತ್ತಿರೋ ಕರೆಂಟ್ ಗಾಡಿ ಬಗ್ಗೆ ಬರ್ಯಾಕ ಕುಂತೀನಿ. ಗಾಡಿ ಎಷ್ಟು ಮೈಲೇಜ್ ಕೊಡತೈತಿ ಅನ್ನೋದು ಎಲ್ಲಾರಿಗೂ ಗೊತ್ತು. ಅದು ಯಾರಿಗಾದ್ರೂ ಬಡದ್ರ ರೊಕ್ಕ ಯಾರು ಕೊಡಬೇಕು, ಅದಕ್ಕ ಬೆಂಕಿ ಹತ್ತಿದ್ರ ಯಾರನ್ನ ಕೇಳಬೇಕು ಅನ್ನೋದನ್ನ ಮಾತ್ರ ಯಾರೂ ಮಾತಾಡೂದಿಲ್ಲ. ಬರಹ ಉದ್ದ ಐತಿ, ಪುರಸೊತ್ತಿನಿಂದ ಓದ್ರಿ.

ಶಿಗ್ಗಾಂವ, ಬಂಕಾಪುರ, ಹುಲಗೂರ, ತಡಸ, ಅತ್ತಾಗ ಸವಣೂರ, ಹಾನಗಲ್, ಯಾವ ಕಡೆ ಹೋದ್ರೂ ಈಗ ಕರೆಂಟ್ ಸ್ಕೂಟರ್ ಕಾಣಸ್ತಾವ. ಡೇರಿಗೆ ಹಾಲು ಹಾಕಾಕ, ಸೊಸೈಟಿಗೆ ಹೋಗಾಕ, ಮಕ್ಕಳನ್ನ ಸಾಲಿಗೆ ಬಿಡಾಕ ಛಲೋ ಅನುಕೂಲ. ಪೆಟ್ರೋಲ್ ಖರ್ಚಿಲ್ಲ, ಆಯಿಲ್ ಬದಲಿಸೂದಿಲ್ಲ. ನಾನು ಈ ಗಾಡಿಗಳ ವಿರೋಧಿ ಅಲ್ಲ, ಮೊದಲ ಹೇಳಿಬಿಡ್ತೀನಿ.

ಆದ್ರ ಇವುಗಳೊಳಗ ಒಂದು ನಮೂನಿ ಗಾಡಿ ಮಾರೂವಾಗ ಹೇಳೋ ಮಾತು ಐತಲ್ಲ, "ಲೈಸೆನ್ಸ್ ಬ್ಯಾಡ, ಆರ್‌ಸಿ ಬ್ಯಾಡ, ಇನ್ಶೂರೆನ್ಸ್ ಬ್ಯಾಡ" ಅಂತ, ಆ ಮಾತು ನಮ್ಮ ಮಂದಿ ಕಿವಿಗೆ ಬೀಳೂದು ಬ್ಯಾರೆ ರೀತಿ: "ಈ ಗಾಡಿಗೆ ಕೋರ್ಟು ಕಚೇರಿ ಏನೂ ಇಲ್ಲ." ಅದು ಶುದ್ಧ ತಪ್ಪು ತಿಳುವಳಿಕಿ. ನಂಬರ್ ಪ್ಲೇಟ್ ಇಲ್ಲ ಅಂದ್ರ ಜವಾಬ್ದಾರಿ ಇಲ್ಲ ಅಂತ ಅಲ್ರಿ. ಆ ಜವಾಬ್ದಾರಿ ಹೊರಾಕ ನಿಮ್ಮ ಜೋಡಿ ಇನ್ನೊಬ್ರು ಯಾರೂ ಇಲ್ಲ ಅಂತ. ಇವತ್ತು ನಾ ಹೇಳೋ ಮಾತು ಇದೊಂದ.

ಎರಡು ನಮೂನಿ ಗಾಡಿ

ಕಾನೂನಿನ ಕಣ್ಣಾಗ ಕರೆಂಟ್ ದ್ವಿಚಕ್ರ ಗಾಡಿ ಎರಡು ಜಾತಿ.

ಒಂದನೇದು, ನೋಂದಣಿ ಆಗೋ ಗಾಡಿ. ಹಸಿರು ನಂಬರ್ ಪ್ಲೇಟ್ ಮ್ಯಾಲೆ ಬಿಳಿ ಅಕ್ಷರ, ನಮ್ಮ ಜಿಲ್ಲಾದ್ದಾದ್ರ ಕೆಎ 27. ಇದು ಪೆಟ್ರೋಲ್ ಗಾಡಿ ಹಂಗ ಪೂರಾ ಮೋಟಾರು ವಾಹನ. ಲೈಸೆನ್ಸ್, ಆರ್‌ಸಿ, ವಿಮೆ ಎಲ್ಲಾ ಕಡ್ಡಾಯ. 2021ರ ಆಗಸ್ಟ್‌ನಾಗ ಕೇಂದ್ರ ಸರಕಾರ ಬ್ಯಾಟರಿ ಗಾಡಿಗಳಿಗೆ ಆರ್‌ಸಿ ಶುಲ್ಕ ಮಾಫಿ ಮಾಡ್ತು. ಮಾಫಿ ಆಗಿದ್ದು ಶುಲ್ಕ ಅಷ್ಟ. ಆರ್‌ಸಿ ಬ್ಯಾಡ ಅಂತ ಯಾರೂ ಹೇಳಿಲ್ಲ.

ಎರಡನೇದು, ಸಣ್ಣ ಗಾಡಿ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳೊಳಗ ಒಂದು ರಿಯಾಯಿತಿ ಐತಿ. ಮೋಟಾರಿನ ಶಕ್ತಿ 250 ವ್ಯಾಟಿಗಿಂತ ಕಡಿಮಿ, ವೇಗ ತಾಸಿಗೆ 25 ಕಿಲೋಮೀಟರಿಗಿಂತ ಕಡಿಮಿ ಇರಬೇಕು. ಅದನ್ನ ಸರಕಾರ ಒಪ್ಪಿದ ಪರೀಕ್ಷಾ ಸಂಸ್ಥೆ ತಪಾಸ ಮಾಡಿ ಪ್ರಮಾಣಪತ್ರ ಕೊಟ್ಟಿರಬೇಕು. ಅಂಥಾ ಗಾಡಿಯನ್ನ ಮೋಟಾರು ವಾಹನ ಅಂತ ಎಣಿಸೂದಿಲ್ಲ. ಅದಕ್ಕ ಲೈಸೆನ್ಸ್ ಬ್ಯಾಡ, ನಂಬರ್ ಬ್ಯಾಡ, ವಿಮೆ ಬ್ಯಾಡ. ಸೈಕಲ್ ಸಾಲಿಗೆ ಸೇರತೈತಿ.

ಇಲ್ಲಿಗಂಟ ತಕರಾರಿಲ್ಲ. ಆದ್ರ ಕೊಂಡ ಮ್ಯಾಲೆ ಏನಾಗತೈತಿ ನೋಡ್ರಿ. 25ರ ವೇಗಕ್ಕ ಹುಡುಗ್ರಿಗೆ ಬ್ಯಾಸರ. ಹಿಂದ ಒಬ್ರು ಕುಂತು, ಮುಂದ ಒಂದು ಗೊಬ್ಬರದ ಚೀಲ ಇಟ್ರ ಏರು ಹತ್ತೂದಿಲ್ಲ. ಆಗ ವೇಗದ ಕಟ್ಟು ಬಿಚ್ಚಸ್ತಾರ. ಕೆಲವು ಕಡೆ ಮಾರೋ ಅಂಗಡಿಯವ್ರ ಬಿಚ್ಚಿ ಕೊಡ್ತಾರ, ಕೆಲವು ಕಡೆ ಗ್ಯಾರೇಜಿನಾಗ ಕಂಟ್ರೋಲರ್ ಬದಲಾಗತೈತಿ, ದೊಡ್ಡ ಬ್ಯಾಟರಿ ಕೂಡತೈತಿ. ಗಾಡಿ 45ಕ್ಕ ಓಡತೈತಿ, ಖುಷಿ.

ಆ ಗಳಿಗಿಯಿಂದ ಅದು ಸೈಕಲ್ ಸಾಲಿನಾಗ ಉಳಿಯೂದಿಲ್ಲ. ರಿಯಾಯಿತಿಯ ಶರತ್ತ ಮುರದ ಮ್ಯಾಲೆ ಅದು ನೋಂದಣಿ ಇಲ್ಲದ, ವಿಮೆ ಇಲ್ಲದ, ಬಹಳಷ್ಟು ಸಲ ಲೈಸೆನ್ಸ್ ಇಲ್ಲದವ ಓಡಿಸೋ ಮೋಟಾರು ವಾಹನ. ಬಿಲ್ಲಿನ ಮ್ಯಾಲೆ 250 ವ್ಯಾಟ್ ಅಂತ ಬರದಿದ್ರೂ ರಸ್ತೆ ಮ್ಯಾಲೆ ಅದು ಎಷ್ಟು ಓಡಿತು ಅನ್ನೋದನ್ನ ಎದುರಿನ ವಕೀಲ್ರು ಕೇಳದ ಬಿಡೂದಿಲ್ಲ.

22 ಲಕ್ಷದ ಲೆಕ್ಕ

ಒಂದು ಕಲ್ಪನಾ ಮಾಡ್ಕೊಳ್ರಿ. ಹಿಂಗ ಆಗಿದ್ದು ಅಂತ ಹೇಳಾಕತ್ತಿಲ್ಲ, ಆದ್ರ ಹೆಂಗ ಲೆಕ್ಕ ಹಾಕ್ತಾರ ಅಂತ ತೋರಸ್ತೀನಿ. 38 ವಯಸ್ಸಿನ ಕೂಲಿ ಮನುಷ್ಯಾ, ಸಂಜೀಮುಂದ ಹೊಲದಿಂದ ನಡಕೊಂತ ಬರೂವಾಗ ವೇಗದ ಕಟ್ಟು ಬಿಚ್ಚಿದ ಸ್ಕೂಟರ್ ಬಡದು ತೀರಿಕೊಂಡ. ಅವನ ಗಳಿಕಿ ತಿಂಗಳಿಗೆ 12,000 ರೂಪಾಯಿ ಅಂತ ಹಿಡಿರಿ. ಮನಿಯೊಳಗ ಹೆಂಡ್ತಿ, ಇಬ್ರು ಮಕ್ಕಳು, ತಾಯಿ.

ಸುಪ್ರೀಂ ಕೋರ್ಟು 2009 ಮತ್ತು 2017ರ ತೀರ್ಪುಗಳೊಳಗ ಇದಕ್ಕ ಒಂದು ಪದ್ಧತಿ ಹಾಕಿಕೊಟ್ಟೈತಿ. ವಯಸ್ಸು 40ರ ಒಳಗ, ಸ್ವಂತ ದುಡಿಮಿ, ಹಂಗಾಗಿ ಮುಂದ ಹೆಚ್ಚಾಗಬಹುದಾಗಿದ್ದ ಗಳಿಕಿ ಅಂತ ಶೇಕಡಾ 40 ಸೇರಸ್ತಾರ. 16,800 ಆತು. ಅವಲಂಬಿತರು ನಾಲ್ಕು ಮಂದಿ, ಅದಕ್ಕ ಅವನ ಸ್ವಂತ ಖರ್ಚು ಅಂತ ನಾಲ್ಕರಾಗ ಒಂದು ಪಾಲು ಕಡೀತಾರ. 12,600 ಉಳೀತು. ವರ್ಷಕ್ಕ 1,51,200. ಆ ವಯಸ್ಸಿಗೆ ಗುಣಿಸೋ ಅಂಕಿ 15. ಒಟ್ಟು 22,68,000 ರೂಪಾಯಿ. ಇದರ ಮ್ಯಾಲೆ ಅಂತ್ಯಕ್ರಿಯಾ ಖರ್ಚು, ಇತರೆ ಬಾಬ್ತು, ಬಡ್ಡಿ ಬ್ಯಾರೆ.

ಒಬ್ಬ ಕೂಲಿ ಮನುಷ್ಯಾನ ಜೀವಕ್ಕ ಇದು ಹೆಚ್ಚಾತು ಅಂತ ಯಾರೂ ಅನಬ್ಯಾಡ್ರಿ. ಆ ಮನಿಗೆ ಅದು ನ್ಯಾಯವಾದ ರೊಕ್ಕ. ಪ್ರಶ್ನೆ ಅದನ್ನ ಕೊಡೋರು ಯಾರು ಅನ್ನೋದು.

ಗಾಡಿಗೆ ಥರ್ಡ್ ಪಾರ್ಟಿ ವಿಮೆ ಇದ್ರ ವಿಮಾ ಕಂಪನಿ ಕೊಡತೈತಿ. ಓಡಿಸಿದವನ ಹತ್ರ ಲೈಸೆನ್ಸ್ ಇರಲಿಲ್ಲ ಅಂತ ಕಂಪನಿ ತಕರಾರು ಎತ್ತಿದ್ರೂ, ನೊಂದವರಿಗೆ ಮೊದಲ ರೊಕ್ಕ ಕೊಟ್ಟು ಆಮ್ಯಾಲೆ ಮಾಲೀಕನಿಂದ ವಸೂಲಿ ಮಾಡ್ಕೋ ಅನ್ನೋ ದಾರಿ ಐತಿ. ಕರ್ನಾಟಕ ಹೈಕೋರ್ಟಿನ ಪೂರ್ಣಪೀಠ 2020ರಾಗ ಇದನ್ನ ಗಟ್ಟಿ ಮಾಡೈತಿ. ಅಂದ್ರ ವಿಮೆ ಅನ್ನೋದು ಇದ್ರ ಸತ್ತವನ ಮನಿ ಬೀದಿಗೆ ಬೀಳೂದಿಲ್ಲ.

ವಿಮೆ ಇಲ್ಲದ ಗಾಡಿ ಆದ್ರ? ಪೂರಾ ರೊಕ್ಕ ಮಾಲೀಕ ಮತ್ತ ಓಡಿಸಿದಾವ. ತಪ್ಪು ಯಾರದ್ದು ಅಂತ ನೋಡದನ ಕೊಡಬೇಕಾದ ಪರಿಹಾರನೂ ಮೋಟಾರು ವಾಹನ ಕಾಯ್ದೆಯ 164ನೇ ಕಲಮಿನಾಗ ಐತಿ: ಸಾವಾದ್ರ 5 ಲಕ್ಷ, ಭಾರಿ ಗಾಯಕ್ಕ ಎರಡೂವರಿ ಲಕ್ಷ. "ಅವನ ಅಡ್ಡ ಬಂದಾ" ಅಂತ ವಾದ ಮಾಡಿದ್ರೂ ಇದು ತಪ್ಪೂದಿಲ್ಲ.

ಕಟ್ಟಲಿಲ್ಲ ಅಂದ್ರ ಏನಾಗತೈತಿ ಅನ್ನೋದನ್ನ ರೈತ್ರು ಸರಿಯಾಗಿ ತಿಳ್ಕೋಬೇಕು. ಅದ ಕಾಯ್ದೆಯ 174ನೇ ಕಲಂ ಪ್ರಕಾರ ನ್ಯಾಯಮಂಡಳಿ ಜಿಲ್ಲಾಧಿಕಾರಿಗೆ ಪ್ರಮಾಣಪತ್ರ ಕಳಿಸಬಹುದು, ಆ ರೊಕ್ಕ ಭೂಕಂದಾಯದ ಬಾಕಿ ವಸೂಲಿ ಮಾಡಿದಂಗ ವಸೂಲಿ ಆಗತೈತಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ರೈತನ ಎತ್ತು, ಬಿತ್ತನಿ ಬೀಜ, ಒಕ್ಕಲುತನದ ಸಾಮಾನು, ವಾಸದ ಮನಿ ಜಪ್ತಿ ಮಾಡಬಾರದು ಅಂತ ಕಾಪಾಡತೈತಿ. ಆ ಪಟ್ಟಿಯೊಳಗ ಹೊಲ ಇಲ್ಲ. ಎತ್ತು ಉಳೀತಾವ, ಹೂಡಾಕ ಹೊಲ ಇರೂದಿಲ್ಲ.

ಈಗ ಇನ್ನೊಂದು ಅಂಕಿ ನೋಡ್ರಿ. 2022ರ ಜೂನ್ ಒಂದರಿಂದ ಜಾರಿಗೆ ಬಂದ ದರದ ಪ್ರಕಾರ 3 ಕಿಲೋವ್ಯಾಟ್ ಒಳಗಿನ ಕರೆಂಟ್ ದ್ವಿಚಕ್ರ ಗಾಡಿಗೆ ಥರ್ಡ್ ಪಾರ್ಟಿ ವಿಮೆ ವರ್ಷಕ್ಕ 457 ರೂಪಾಯಿ. ಹೊಸ ಗಾಡಿಗೆ ಐದು ವರ್ಷದ್ದು ಒಮ್ಮೆ ಕಟ್ಟಿದ್ರ 2,466. 3ರಿಂದ 7 ಕಿಲೋವ್ಯಾಟ್ ಗಾಡಿಗೆ ವರ್ಷಕ್ಕ 607, ಐದು ವರ್ಷಕ್ಕ 3,273. ತೆರಿಗಿ ಬ್ಯಾರೆ. ಪೆಟ್ರೋಲ್ ಗಾಡಿಗಿಂತ ಇದು ಶೇಕಡಾ 15 ಕಡಿಮಿ. ಒಂದು ಕಡೆ 457, ಇನ್ನೊಂದು ಕಡೆ 22 ಲಕ್ಷ. "ಇನ್ಶೂರೆನ್ಸ್ ಬ್ಯಾಡ" ಅನ್ನೋದು ನಮಗ ಉಳಿತಾಯನೋ, ಹೊಲದ ಮ್ಯಾಲಿನ ಬೋಜಾನೋ, ನೀವ ತೂಗಿ ನೋಡ್ರಿ.

ಖರೇನ ಸಣ್ಣ ಗಾಡಿ ಇದ್ರ?

"ನಂದು ಪಕ್ಕಾ 25ರ ಗಾಡಿ, ಏನೂ ಬದಲಾ ಮಾಡಿಲ್ಲ" ಅನ್ನೋರು ಇದ್ದೀರಿ. ನಿಮ್ಮ ಮ್ಯಾಲೆ ಮೋಟಾರು ವಾಹನ ಕಾಯ್ದೆ ಬರೂದಿಲ್ಲ, ಒಪ್ಪಿದೆ. ಆದ್ರ ಭಾರತೀಯ ನ್ಯಾಯ ಸಂಹಿತೆ ಬರತೈತಿ. ಸಾರ್ವಜನಿಕ ದಾರಿಯೊಳಗ ಅಜಾಗರೂಕತಿಯಿಂದ ಯಾವುದ ವಾಹನ ಓಡಿಸಿದ್ರೂ 281ನೇ ಕಲಂ, ನಿರ್ಲಕ್ಷ್ಯದಿಂದ ಜೀವ ಹೋದ್ರ 106ನೇ ಕಲಂ. ಅಲ್ಲಿ ಮೋಟಾರು ವಾಹನನ ಆಗಬೇಕು ಅಂತಿಲ್ಲ. ಚಕ್ಕಡಿ ಹೊಡ್ಯಾವನಿಗೂ ಅದ ಕಾನೂನು. ನೊಂದವ ಪರಿಹಾರಕ್ಕ ಸಿವಿಲ್ ಕೋರ್ಟಿಗೆ ದಾವಾ ಹಾಕಬಹುದು.

ಇಲ್ಲಿ ನೊಂದವನ ಕಡೆಯಿಂದನೂ ನೋಡಬೇಕು. ಮೋಟಾರು ವಾಹನ ಬಡದಿದ್ರ ಅವನಿಗೆ ನ್ಯಾಯಮಂಡಳಿ ಐತಿ, ವಿಮಾ ಕಂಪನಿ ಐತಿ, 2025ರ ಮೇ ತಿಂಗಳಾಗ ಬಂದ ಕೇಂದ್ರದ ನಗದುರಹಿತ ಚಿಕಿತ್ಸಾ ಯೋಜನೆಯೊಳಗ ಏಳು ದಿನದ ತನಕ ಒಂದೂವರಿ ಲಕ್ಷದ ಚಿಕಿತ್ಸಾ ಐತಿ. ಸಣ್ಣ ಗಾಡಿ ಬಡದ್ರ ಈ ಬಾಗಿಲು ಒಂದೂ ಅವನಿಗೆ ಸರಳ ತೆರೆಯೂದಿಲ್ಲ. ಬಡಿಸಿಕೊಂಡಾವನೂ ನಮ್ಮ ಊರಾವನ, ಬಡದಾವನೂ ನಮ್ಮ ಊರಾವನ. ಇಬ್ರೂ ಬಡವ್ರು. ಕಡೀಕ ಹಿರೇರು ಕುಂತು ಪಂಚಾಯ್ತಿ ಮಾಡಿ, ಸಾಲಾ ಮಾಡಿ ಐವತ್ತು ಸಾವಿರ ಕೊಟ್ಟು ಕೈ ತೊಳಕೋತಾರ. ಕಾಲು ಹೋದಾವ ಜನ್ಮ ಪೂರ್ತಿ ಮನ್ಯಾಗ ಕುಂದರ್ತಾನ.

ಸಪ್ಪಳದ ಮಾತನ್ನೂ ಇಲ್ಲೆ ಹೇಳ್ತೀನಿ. ಹೊಲದ ದಾರ್ಯಾಗ ಹಿಂದಿಂದ ಬರೋ ಗಾಡಿ ಸಪ್ಪಳ ಕೇಳಿ ಬದಿಗೆ ಸರಿಯೋ ರೂಢಿ ನಮ್ಮ ಮುದುಕ್ರಿಗೂ ಐತಿ, ದನಕ್ಕೂ ಐತಿ. ಕರೆಂಟ್ ಗಾಡಿಗೆ ಸಪ್ಪಳ ಇಲ್ಲ. ಕೃತಕ ಸಪ್ಪಳದ ಸಾಧನ ಕಡ್ಡಾಯ ಮಾಡೋ ಕರಡು 2025ರ ಸೆಪ್ಟೆಂಬರ್‌ನಾಗ ಬಂತು, ಆದ್ರ ಅದು ಕಾರು, ಬಸ್ಸು, ಲಾರಿಯಂಥಾ ಗಾಡಿಗಳಿಗೆ. ಸ್ಕೂಟರಿಗೆ ಹಾರ್ನ್ ಒಂದ ಗತಿ. ಹಾರ್ನ್ ಹಾಕದ ಬಂದು ಬಡದು "ಅವರ ಸರಿಲಿಲ್ಲ" ಅಂದ್ರ ನಿರ್ಲಕ್ಷ್ಯ ಅನ್ನೋ ಮಾತಿಗೆ ನೀವ ಸಾಕ್ಷಿ ಕೊಟ್ಟಂಗ.

ವಿಮೆ ಇದ್ರೂ ಒಳಗ ಬರದವರು

ಹಸಿರು ಪ್ಲೇಟಿನ ಗಾಡಿ ಇಟ್ಟವರು ನಿಶ್ಚಿಂತಿಯಿಂದ ಇರಬ್ಯಾಡ್ರಿ. ಬರೇ ಥರ್ಡ್ ಪಾರ್ಟಿ ಪಾಲಿಸಿ ಇದ್ರ ಸ್ಕೂಟರ್ ಹಿಂದ ಕುಂತವರು ಆ ಕಡ್ಡಾಯ ವಿಮೆಯ ಒಳಗ ಬರೂದಿಲ್ಲ ಅಂತ ಸುಪ್ರೀಂ ಕೋರ್ಟು 2006ರಾಗ ಹೇಳೈತಿ. ಹಿಂದ ಕುಂದರೋರು ಯಾರ್ರಿ? ನಮ್ಮ ಹೆಂಡ್ತಿ, ನಮ್ಮ ತಾಯಿ. ಪ್ಯಾಕೇಜ್ ಪಾಲಿಸಿ ಮಾಡಿಸಿದ್ರ ಅವರೂ ಒಳಗ ಬರ್ತಾರ. ಓಡಿಸೋ ಮಾಲೀಕನಿಗೆ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಬ್ಯಾರೆ ಇರತೈತಿ, ಅದನ್ನ ಹಾಕ್ಯಾರೋ ಇಲ್ಲೋ ಕಾಗದ ತಗದು ನೋಡ್ರಿ.

ಇನ್ನೊಂದು, ಕರೆಂಟಿನ ಮೂರು ಗಾಲಿ ಲೋಡರ್. ಕಾಯಿಪಲ್ಲೆ ಸಾಗಸಾಕ ಛಲೋ. ಆದ್ರ ಮೆಣಸಿನಕಾಯಿ ಬಿಡಸಾಕ, ಹತ್ತಿ ಬಿಡಸಾಕ ಆಳು ಮಂದೀನ ಅದರಾಗ ತುಂಬಿಕೊಂಡು ಹೋಗೂದು ನಡದೈತಿ. ಮಾಲು ಗಾಡಿಯೊಳಗ ಸುಮ್ನ ಹತ್ತಿಕೊಂಡು ಹೋಗೋ ಪ್ರಯಾಣಿಕರಿಗೆ ವಿಮಾ ಕಂಪನಿ ಹೊಣೆ ಅಲ್ಲ ಅಂತ 2003ರಾಗ ಸುಪ್ರೀಂ ಕೋರ್ಟು ತೀರ್ಪು ಕೊಟ್ಟೈತಿ. ಮಾಲಿನ ಮಾಲೀಕ ಇಲ್ಲಾ ಅವನ ಪ್ರತಿನಿಧಿ ಇದ್ರ ಮಾತ್ರ ಲೆಕ್ಕ ಬ್ಯಾರೆ. ಗಾಡಿ ಪಲ್ಟಿ ಆಗಿ ಆರು ಹೆಣ್ಮಕ್ಕಳಿಗೆ ಪೆಟ್ಟಾದ್ರ ಆರು ಅರ್ಜಿನೂ ಗಾಡಿ ಮಾಲೀಕನ ಮ್ಯಾಲೆ ಬರ್ತಾವ.

ಮಾರಿದ ಗಾಡಿದೂ ಹಂಗ. ಆರ್‌ಸಿಯೊಳಗ ಯಾರ ಹೆಸರು ಐತೋ ಅವನ ಮಾಲೀಕ ಅಂತ 2018ರಾಗ ಸುಪ್ರೀಂ ಕೋರ್ಟು ಸ್ಪಷ್ಟ ಮಾಡೈತಿ. ರಾಜ್ಯದೊಳಗ ಮಾರಿದ್ರ 14 ದಿನದಾಗ ಆರ್‌ಟಿಓಗೆ ತಿಳಿಸಬೇಕು. ರೊಕ್ಕ ಎಣಿಸಿಕೊಂಡು ಚಾವಿ ಕೊಟ್ಟು ಸುಮ್ನಿದ್ರ, ಅವ ಎಲ್ಲೋ ಬಡದ ಕೇಸು ನಿಮ್ಮ ಮನಿ ಬಾಗಿಲಿಗೆ ಬರತೈತಿ.

ಮಕ್ಕಳ ಕೈಯಾಗ ಚಾವಿ ಕೊಡೋ ತಂದಿ ತಾಯಿಗಳು 199ಎ ಕಲಂ ತಿಳ್ಕೊಂಡಿರಬೇಕು. ಅಪ್ರಾಪ್ತ ಮಕ್ಕಳು ಮೋಟಾರು ವಾಹನ ಓಡಿಸಿ ಅಪರಾಧ ಆದ್ರ ಪಾಲಕರಿಗೆ ಇಲ್ಲಾ ಮಾಲೀಕರಿಗೆ ಮೂರು ವರ್ಷದ ತನಕ ಜೈಲು, 25,000 ದಂಡ. ಆ ಹುಡುಗನಿಗೆ 25 ವರ್ಷ ತುಂಬೂತನಕ ಲೈಸೆನ್ಸ್ ಸಿಗೂದಿಲ್ಲ. ಕಟ್ಟು ಬಿಚ್ಚಿದ ಸಣ್ಣ ಗಾಡಿ ಮೋಟಾರು ವಾಹನ ಅಂತ ಆತಂದ್ರ ಇದೂ ಬಂದು ಕೂಡತೈತಿ.

ಬ್ಯಾಟರಿಗೆ ಬೆಂಕಿ ಹತ್ತಿದ್ರ

ರಸ್ತೆ ಮ್ಯಾಲಿನ ಅಪಘಾತ ಒಂದು. ಮನ್ಯಾಗ ಆಗೂದು ಇನ್ನೊಂದು. 2022ರ ಮಾರ್ಚ್‌ನಾಗ ತಮಿಳುನಾಡಿನ ವೆಲ್ಲೂರಿನಾಗ ಮನ್ಯಾಗ ಚಾರ್ಜಿಗೆ ಹಾಕಿದ ಗಾಡಿಗೆ ಬೆಂಕಿ ಹತ್ತಿ ತಂದಿ ಮಗಳು ಇಬ್ರೂ ಹೊಗ್ಯಾಗ ಉಸಿರುಗಟ್ಟಿ ತೀರಿಕೊಂಡ್ರು. ನಮ್ಮ ರಾಜ್ಯದಾಗ 2023ರ ಜನವರಿಯೊಳಗ ಮದ್ದೂರು ತಾಲೂಕಿನ ವಳಗೆರೆಹಳ್ಳಿಯಾಗ ಚಾರ್ಜಿಗಿಟ್ಟ ಸ್ಕೂಟರ್ ಸಿಡೀತು, ಮನಿ ಮಂದಿ ಪಾರಾದ್ರು. 2024ರ ನವೆಂಬರ್‌ನಾಗ ಬೆಂಗಳೂರಿನ ರಾಜಾಜಿನಗರದ ಶೋರೂಮಿನ ಬೆಂಕಿಯಾಗ ಅಲ್ಲಿ ಕೆಲಸ ಮಾಡೋ ಹುಡುಗಿ ಜೀವ ಹೋತು.

2022ರ ಬೆಂಕಿಗಳು ಆದಮ್ಯಾಲೆ ಕೇಂದ್ರ ಸರಕಾರ ಬ್ಯಾಟರಿ ಸುರಕ್ಷತಾ ನಿಯಮ ಬಿಗಿ ಮಾಡ್ತು. ಮೊದಲ ಹಂತ 2022ರ ಡಿಸೆಂಬರ್ 1ರಿಂದ, ಎರಡನೇ ಹಂತ 2023ರ ಮಾರ್ಚ್ 31ರಿಂದ ಜಾರಿ ಆತು. ಹಂಗಾಗಿ ಅದಕ್ಕಿಂತ ಹಳೇ ಗಾಡಿ ಸೆಕೆಂಡ್ ಹ್ಯಾಂಡ್ ತಗೊಳ್ಳೋರು ತಯಾರಾದ ತಿಂಗಳು, ವರ್ಷ ನೋಡಿ ತಗೋರಿ.

ಮನಿ ಸುಟ್ರ ಥರ್ಡ್ ಪಾರ್ಟಿ ವಿಮೆ ನಿಮ್ಮ ಮನಿಗೆ ರೊಕ್ಕ ಕೊಡೂದಿಲ್ಲ. ಪ್ಯಾಕೇಜ್ ಪಾಲಿಸಿ ಗಾಡಿಗೆ ಕೊಡಬಹುದು. ಮನಿಗೆ, ಕಣದಾಗ ಒಟ್ಟಿದ ಮಾಲಿಗೆ, ಕೊಟಿಗ್ಯಾಗಿನ ದನಕ್ಕ ಯಾರನ್ನ ಕೇಳಬೇಕು? ಇಲ್ಲಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಕೆಲಸಕ್ಕ ಬರತೈತಿ. 2020ರ ಜುಲೈ 20ರಿಂದ ಜಾರಿಗೆ ಬಂದ ಅದರ ಆರನೇ ಅಧ್ಯಾಯದೊಳಗ ದೋಷ ಇರೋ ಮಾಲಿನಿಂದ ಜೀವಕ್ಕ, ಆಸ್ತಿಗೆ ಹಾನಿ ಆದ್ರ ತಯಾರಕ, ಮಾರಾಟಗಾರ, ಸೇವಾ ಕೊಟ್ಟಾವ, ಇವರನ್ನ ಹೊಣೆ ಮಾಡಬಹುದು ಅಂತ ಐತಿ. ನೀವು ಇರೋ ಜಿಲ್ಲಾದಾಗ, ಅಂದ್ರ ಹಾವೇರಿ ಜಿಲ್ಲಾ ಗ್ರಾಹಕರ ಆಯೋಗದಾಗನ ದೂರು ಹಾಕಬಹುದು. ಕಂಪನಿ ಎಲ್ಲೆ ಇರಲಿ, ಅಲ್ಲಿಗೆ ಅಡ್ಡಾಡೂದು ಬೇಕಿಲ್ಲ. ಮಾಲಿನ ಬೆಲಿ 5 ಲಕ್ಷದ ತನಕ ಇದ್ರ ಶುಲ್ಕ ಇಲ್ಲ. ಎರಡು ವರ್ಷದೊಳಗ ಹಾಕಬೇಕು.

ಆದ್ರ ಅದ ಕಾಯ್ದೆಯ 87ನೇ ಕಲಂ ಓದ್ರಿ. ಹಾನಿ ಆದಾಗ ಮಾಲನ್ನ ತಪ್ಪು ರೀತಿಯೊಳಗ ಬಳಸಿದ್ರ, ಬದಲಾಯಿಸಿದ್ರ, ಮಾರಾಟಗಾರನ ಮ್ಯಾಲೆ ದಾವಾ ನಿಲ್ಲೂದಿಲ್ಲ. ತಯಾರಕನೂ ಇದ ವಾದ ಹಿಡ್ಕೊಂಡು ನಿಲ್ತಾನ. ಗ್ಯಾರೇಜಿನಾಗ ಸೆಲ್ ಬದಲಿಸಿದ ಬ್ಯಾಟರಿ, ಬ್ಯಾರೆ ಕಂಪನಿ ಚಾರ್ಜರ್, ಪಂಪಸೆಟ್ಟಿನ ಲೈನಿಗೆ ವಯರ್ ಸಿಗಿಸಿ ಮಾಡಿದ ಚಾರ್ಜು, ಇವೆಲ್ಲಾ ಕಂಪನಿ ವಕೀಲ್ರಿಗೆ ನಾವ ಕೈಯಾರೆ ಕೊಡೋ ಆಯುಧ. ನಮ್ಮ ಹಕ್ಕನ್ನ ನಾವ ಎರಡು ಸಾವಿರ ಉಳಸಾಕ ಹೋಗಿ ಕಳಕೋತೀವಿ.

ಗಾಡಿ ಒಳಗಿನ ಸಾಕ್ಷಿ

ಕರೆಂಟ್ ಗಾಡಿಗೂ ಹಳೇ ಗಾಡಿಗೂ ಇನ್ನೊಂದು ದೊಡ್ಡ ಫರಕ ಐತಿ. ಹೊಸ ಸ್ಮಾರ್ಟ್ ಸ್ಕೂಟರ್ ಎಲ್ಲಿ ಹೋತು, ಎಷ್ಟು ವೇಗ ಇತ್ತು, ಯಾವಾಗ ಬ್ರೇಕ್ ಹಿಡದ್ರು ಅನ್ನೋದನ್ನೆಲ್ಲಾ ಬರಕೊಂತ ಹೋಗತೈತಿ. ಆ ದಾಖಲೆ ಕಂಪನಿ ಹತ್ರ ಇರತೈತಿ. 2022ರ ಮಾರ್ಚ್‌ನಾಗ ಅಸ್ಸಾಮಿನ ಗುವಾಹಟಿಯೊಳಗ ಒಬ್ಬ ಹುಡುಗಗ ಅಪಘಾತ ಆತು. ಗಾಡಿ ತಾನ ವೇಗ ಹಿಡೀತು ಅಂತ ಅವನ ತಂದಿ ದೂರಿದ್ರು. ನಮ್ಮ ಬೆಂಗಳೂರಿನ ಓಲಾ ಎಲೆಕ್ಟ್ರಿಕ್ ಕಂಪನಿ ಗಾಡಿಯ ದಾಖಲೆ ಬಹಿರಂಗ ಮಾಡಿ, ವೇಗ 115ರ ತನಕ ಹೋಗಿತ್ತು, ಗಾಡಿದು ದೋಷ ಇಲ್ಲ ಅಂತು. ಒಪ್ಪಿಗಿ ಇಲ್ಲದ ಮಗನ ಮಾಹಿತಿ ಹಾಕಿದ್ದು ತಪ್ಪು ಅಂತ ತಂದಿ ನೋಟಿಸ್ ಕಳಿಸಿದ್ರು.

ಆ ಪ್ರಕರಣದಾಗ ಯಾರದು ಸರಿ ಅಂತ ನಾ ಹೇಳೂದಿಲ್ಲ. ನಾ ಹೇಳೂದು ಇಷ್ಟ: ಸಾಕ್ಷಿ ಪೆಟ್ಟಿಗಿಯ ಚಾವಿ ಒಬ್ಬನ ಕೈಯಾಗ ಐತಿ, ಅವನ ಪ್ರತಿವಾದಿ. ನಮಗ ಉಪಯೋಗ ಆಗೋ ದಾಖಲೆ ಹೊರಗ ಬರಬೇಕಂದ್ರ ಕೋರ್ಟಿನ ಮೂಲಕ ಕೇಳಬೇಕು. ಹಂಗಾಗಿ ಅಪಘಾತ ಆದ ಮರುದಿನಾನ, ಗಾಡಿಯ ದಾಖಲೆ ಕಾಯ್ದಿಡ್ರಿ ಅಂತ ಕಂಪನಿಗೆ ಲಿಖಿತದಾಗ ಕಳಿಸಬೇಕು. ಪೊಲೀಸರಿಗೆ ಪಂಚನಾಮೆಯೊಳಗ ಬರಸಬೇಕು. ಸುಟ್ಟ ಬ್ಯಾಟರಿನ ಗುಜರಿಗೆ ಹಾಕಬಾರದು, ಸರ್ವಿಸ್ ಸೆಂಟರಿನವ್ರು "ಕೊಡ್ರಿ, ನೋಡ್ತೀವಿ" ಅಂದ್ರೂ ರಸೀದಿ, ಫೋಟೋ ಇಲ್ಲದ ಕೊಡಬಾರದು.

"ಬಡವ್ರಿಗೆ ಸಿಗೋ ಗಾಡಿ, ಅದಕ್ಕೂ ಕಲ್ಲು ಹಾಕ್ತೀರಾ?"

ಈ ಪ್ರಶ್ನೆ ಬರತೈತಿ, ಬರಬೇಕು ಕೂಡ. ಹೆಣ್ಮಕ್ಕಳು, ವಯಸ್ಸಾದವರು, ಲೈಸೆನ್ಸಿಗೆ ಹಾವೇರಿಗೆ ಅಡ್ಡಾಡಾಕ ಆಗದವರು ಈ ಸಣ್ಣ ಗಾಡಿ ಮ್ಯಾಲೆ ಸ್ವಾತಂತ್ರ್ಯ ಕಂಡಾರ. ಅಂಗನವಾಡಿಗೆ ಹೋಗೋ ಅಕ್ಕಾರು, ಹಾಲು ಹಾಕೋ ಅಜ್ಜಾರು. ಅವರ ಗಾಡಿ ಕಸಗೋರಿ ಅಂತ ನಾ ಹೇಳಿಲ್ಲ. ಊರೊಳಗ, ಹೊಲದ ದಾರ್ಯಾಗ 25ರ ವೇಗದಾಗ ಹೋಗೋ ಗಾಡಿಗೆ ಆ ರಿಯಾಯಿತಿ ಇರಲಿ. ಹೆದ್ದಾರಿ 48ರ ಸರ್ವಿಸ್ ರಸ್ತೆಗೆ, ಕತ್ತಲದಾಗ, ಮೂರು ಮಂದಿ ಕುಂತು 45ಕ್ಕ ಓಡಿಸೋ ಗಾಡಿಗೆ ಅದ ರಿಯಾಯಿತಿ ಇರಬಾರದು.

ಮತ್ತ ಸಿಟ್ಟು ಬರೂದು ರೈತನ ಮ್ಯಾಲೆ ಅಲ್ಲ. ಕಾಯ್ದೆಗೆ ವಿರುದ್ಧ ಗಾಡಿ ಬದಲಾ ಮಾಡಿ ಮಾರೋ ತಯಾರಕ, ಡೀಲರನಿಗೆ 182ಎ ಕಲಂ ಪ್ರಕಾರ ಒಂದೊಂದು ಗಾಡಿಗೆ ಒಂದು ವರ್ಷದ ತನಕ ಜೈಲು ಇಲ್ಲಾ ಒಂದು ಲಕ್ಷ ದಂಡ ಐತಿ. ಮಾಲೀಕ ತಾನ ಬದಲಾ ಮಾಡಿದ್ರ ಆರು ತಿಂಗಳ ತನಕ ಜೈಲು ಇಲ್ಲಾ 5,000 ದಂಡ. ದಂಡ ಸರಕಾರಕ್ಕ ಹೋಗತೈತಿ. ಕಾಲು ಮುರಕೊಂಡಾವನಿಗೆ ಅದರಾಗ ಒಂದು ಪೈಸಾ ಇಲ್ಲ. ಗ್ರಾಹಕ ಕಾಯ್ದೆನೂ ಗಾಡಿ ಕೊಂಡಾವನಿಗೆ ಮಾಡಿದ್ದು, ದಾರಿ ಹಿಡದು ಹೋಗಿ ಬಡಿಸಿಕೊಂಡಾವನಿಗೆ ಅಲ್ಲ. ಲಾಭ ಮಾಡ್ಕೊಂಡಾವ ಹೊರಗ, ನೊಂದಾವ ಬರಿಗೈ, ನಡುವ ಸಿಕ್ಕಾವ ಹೊಲದ ಮಾಲೀಕ. ಇದು ಸರಿ ಅಲ್ಲ.

ನನ್ನ ಬೇಡಿಕಿ ಮೂರು. ಸಣ್ಣ ಗಾಡಿಗೂ ಮಾರೂವಾಗನ ಬೆಲಿಯೊಳಗ ಸೇರಿಸಿ ಒಂದು ಸಣ್ಣ ಹೊಣೆಗಾರಿಕಿ ವಿಮೆ ಕಡ್ಡಾಯ ಆಗಲಿ. 457ಕ್ಕ ದೊಡ್ಡ ಗಾಡಿಗೆ ಆಗತೈತಿ ಅಂದ್ರ ಇದಕ್ಕ ಇನ್ನೂ ಕಡಿಮಿಗೆ ಆಗತೈತಿ. ಎರಡನೇದು, ವೇಗದ ಕಟ್ಟು ಬಿಚ್ಚಿ ಮಾರಿದ ಡೀಲರ್ ನೊಂದವನ ಪರಿಹಾರದಾಗ ಮಾಲೀಕನ ಜೋಡಿ ಸಮ ಪಾಲುದಾರ ಆಗಲಿ. ಮೂರನೇದು, ಗಾಡಿಯ ದಾಖಲೆ ಅಪಘಾತ ಆದ ಇಂತಿಷ್ಟು ದಿನದಾಗ ಮಾಲೀಕನಿಗೂ ನೊಂದವನಿಗೂ ಕೊಡಬೇಕು ಅಂತ ನಿಯಮ ಬರಲಿ. ಗ್ರಾಮ ಸಭಾದಾಗ, ರೈತ ಸಂಘದ ಸಭಾದಾಗ ಇದನ್ನ ಠರಾವು ಮಾಡಿ ಶಾಸಕರಿಗೆ, ಸಂಸದರಿಗೆ ಕಳಿಸೋಣು. ಬೆಳಿ ವಿಮೆಗೆ ಕಚೇರಿ ಬಾಗಿಲಿಗೆ ಹೋದ ನಾವು ಇದಕ್ಕೂ ಹೋಗಬಹುದು.

ಈ ವಾರ ಮಾಡಬೇಕಾದ್ದು

ಕಾನೂನು ಬದಲಾಗೂತನಕ ಕಾಯೂದು ಬ್ಯಾಡ. ನಮ್ಮ ಕೈಯಾಗ ಇರೋದನ್ನ ಮಾಡೋಣು.

ಮೊಬೈಲಿನ ನಕಾಶಿ ಹಚ್ಚಿ ಗಾಡಿ ಓಡಿಸಿ ವೇಗ ನೋಡ್ರಿ, ಮೊಬೈಲ್ ಹಿಂದ ಕುಂತವರ ಕೈಯಾಗ ಇರಲಿ. ನಂಬರ್ ಇಲ್ಲದ ಗಾಡಿ 25 ದಾಟಿದ್ರ ಮಾರಿದವರ ಹತ್ರ ಒಯ್ದು ಮೊದಲಿನಂಗ ಮಾಡಿಸಿ ಲಿಖಿತ ತಗೋರಿ.

ಹೊಸ ಸಣ್ಣ ಗಾಡಿ ಕೊಳ್ಳೋರು ಪರೀಕ್ಷಾ ಸಂಸ್ಥೆಯ ಪ್ರಮಾಣಪತ್ರದ ನಕಲು ಕೇಳ್ರಿ. ಇಲ್ಲ ಅಂದ್ರ ಆ ಅಂಗಡಿ ಮೆಟ್ಟಲ ಇಳೀರಿ.

ರಸ್ತೆ ಮ್ಯಾಲೆ ದಿನಾ ಓಡಾಡೋರು ಹಸಿರು ಪ್ಲೇಟಿನ ಗಾಡಿನ ತಗೋರಿ. ವಿಮೆ ಐದು ವರ್ಷದ್ದು ಇದ್ರೂ ಸ್ವಂತ ಹಾನಿಯ ಭಾಗ ಒಂದ ವರ್ಷಕ್ಕ ಮುಗೀತೋ ಏನು ಅಂತ ತಾರೀಖು ನೋಡ್ರಿ.

ಚಾರ್ಜು ಮಲಗೋ ಕ್ವಾಣ್ಯಾಗ ಬ್ಯಾಡ, ಹೊರಗ ಹೋಗೋ ಬಾಗಿಲ ಹತ್ರ ಬ್ಯಾಡ, ಹೊಟ್ಟು ಮೇವು ಒಟ್ಟಿದಲ್ಲಿ ಬ್ಯಾಡ. ಬಿಲ್ಲು, ವಾರಂಟಿ ಕಾಗದ, ಸರ್ವಿಸ್ ರಸೀದಿ ಉತಾರದ ಜೋಡಿ ಪೆಟ್ಟಿಗ್ಯಾಗ ಇಡ್ರಿ.

ಅಪಘಾತ ಆದ್ರ ಮೊದಲ ಆಸ್ಪತ್ರಿ, ಆಮ್ಯಾಲೆ ಪೊಲೀಸ್ ಠಾಣಾ. ಒಳಗೊಳಗ ರಾಜಿ ಅಂತ ಎಫ್‌ಐಆರ್ ಬಿಡಬ್ಯಾಡ್ರಿ, ಅದಿಲ್ಲದಿದ್ರ ಮುಂದ ಪರಿಹಾರ ಕೇಳೂದು ಕಷ್ಟ. ನ್ಯಾಯಮಂಡಳಿ ಅರ್ಜಿಗೆ ಕಾಯ್ದೆಯೊಳಗ ಆರು ತಿಂಗಳು ಅಂತ ಐತಿ, ತಡಾ ಮಾಡಬ್ಯಾಡ್ರಿ. ವಕೀಲ್ರಿಗೆ ರೊಕ್ಕ ಇಲ್ಲದವರು ಕಾನೂನು ಸೇವಾ ಸಹಾಯವಾಣಿ 15100ಕ್ಕ, ಬ್ಯಾಟರಿ, ವಾರಂಟಿ ತಕರಾರಿಗೆ ಗ್ರಾಹಕ ಸಹಾಯವಾಣಿ 1915ಕ್ಕ ಫೋನ್ ಮಾಡ್ರಿ.

ನಿಮ್ಮ ಊರಾಗ ಇಂಥಾ ಗಾಡಿ ಎಷ್ಟು ಅದಾವ, ವೇಗದ ಕಟ್ಟು ಬಿಚ್ಚಿ ಮಾರ್ತಾರೋ ಇಲ್ಲೋ ಬರದು ತಿಳಿಸ್ರಿ, ಅಂಗಡಿ ಹೆಸರು ಬ್ಯಾಡ. ಠರಾವಿನ ಕರಡು ಬರಿಯೂವಾಗ ಆ ಲೆಕ್ಕ ಬೇಕಾಗತೈತಿ.